ವಲಿಅಸ್ರ್ ಬೀದಿಯ ಕೈಗಳನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಇರಾನಿನ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಕಾಣುವುದು ಕ್ಷಿಪಣಿ, ಪೇಟ ಸುತ್ತಿದ ಧರ್ಮಗುರುಗಳು, ಘೋಷಣೆ ಕೂಗುವ ಗುಂಪು. ಟೆಹರಾನಿನ ಬೀದಿಗಿಳಿದು ದಿನಕ್ಕೊಬ್ಬರಂತೆ ಸಾಮಾನ್ಯ ಜನರ ಭಾವಚಿತ್ರ ತೆಗೆಯುವವರ ಕೆಲಸವೂ ಈಗ ಜಾಲತಾಣಗಳಲ್ಲಿ ಸಿಗುತ್ತದೆ. ಪತ್ರಿಕೆಗಳು ಅದನ್ನು ಆಗಾಗ ಎತ್ತಿ ಹಾಕುತ್ತವೆ. ಹಾಕಲಿ, ಇನ್ನೂ ಹೆಚ್ಚು ಹಾಕಲಿ. ಆದರೆ ಹಾಕುವ ಅವಸರದಲ್ಲಿ ಚಿತ್ರದ ಜೀವ ಹೋಗುತ್ತಿದೆ, ಚಿತ್ರದಲ್ಲಿರುವವರಿಗೆ ತೊಂದರೆಯೂ ಆಗಬಹುದು. ಅದಕ್ಕೇ ಈ ಪತ್ರ.

ಟೆಹರಾನಿನ ವಲಿಅಸ್ರ್ ಬೀದಿ ದಕ್ಷಿಣದ ರೈಲು ನಿಲ್ದಾಣದ ಚೌಕದಲ್ಲಿ ಹುಟ್ಟಿ ಉತ್ತರದ ತಜ್ರೀಷ್ ಚೌಕದವರೆಗೆ ಸುಮಾರು 18 ಕಿ.ಮೀ. ಏರುತ್ತಾ ಹೋಗುತ್ತದೆ. ಬೀದಿ ಏರಿದಂತೆ ಮನೆ ಬಾಡಿಗೆಯೂ ಏರುತ್ತದೆ. ಇಕ್ಕೆಲದಲ್ಲಿ ಚಿನಾರ್ ಮರಗಳು, ಅವುಗಳ ಬುಡದಲ್ಲಿ ‘ಜೂಬ್’ ಎಂದು ಕರೆಯುವ ತೆರೆದ ನೀರ್ಗಾಲುವೆ. ಈ ಒಂದು ಬೀದಿಯನ್ನು ಹಿಡಿದುಕೊಂಡು ಬುಡದಿಂದ ತುದಿಯವರೆಗೆ ಮುಖಗಳನ್ನು ಸೇರಿಸುತ್ತಾ ಹೋದರೆ ಇಡೀ ನಗರದ ಬಡತನ, ಸಿರಿತನ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ನೋಡಲು ಚೆಂದವಾದ ಆ ಚಿನಾರ್ ನೆರಳೇ ಭಾವಚಿತ್ರದ ಮೊದಲ ಶತ್ರು. ಎಲೆಗಳ ಸಂದಿಯಿಂದ ಇಳಿದ ಬಿಸಿಲಿನ ಚುಕ್ಕೆ ಕೆನ್ನೆಯ ಉಳಿದ ಭಾಗಕ್ಕಿಂತ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚು ಬೆಳಗಿರುತ್ತದೆ. ಅಲ್ಲಿ ಚರ್ಮದ ವಿವರ ಒಮ್ಮೆ ಸುಟ್ಟು ಬೆಳ್ಳಗಾದರೆ ಆಮೇಲೆ ಯಾವ ತಂತ್ರಾಂಶದಿಂದಲೂ ಅದು ಮರಳಿ ಬರುವುದಿಲ್ಲ. ಪರಿಹಾರ ಸರಳ: ವ್ಯಕ್ತಿಯನ್ನು ಅಂಗಡಿಯ ಬಾಗಿಲಿನೊಳಗೆ ಒಂದಡಿ ಸರಿಸಿ, ಮುಖ ಬೀದಿಯ ಕಡೆಗೆ ತಿರುಗಿಸಬೇಕು. ಬೀದಿಯ ಬೆಳಕು ಮುಖದ ಮೇಲೆ ಮೆತ್ತಗೆ ಬೀಳುತ್ತದೆ, ಹಿನ್ನೆಲೆ ತಾನಾಗಿ ಕತ್ತಲಾಗುತ್ತದೆ. 50 ಎಂಎಂ ಲೆನ್ಸ್, ಒಂದೂವರೆ ಮೀಟರ್ ದೂರ, ಲೆನ್ಸಿನ ತೆರಪು ಎಫ್/4, ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ: ಇಷ್ಟು ಸಾಕು. ಕಪ್ಪು ಚಾದರ ಹೊದ್ದವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಚೌಕಟ್ಟಿನ ಬಹುಪಾಲು ಕಪ್ಪೇ ಇದ್ದರೆ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ಅದನ್ನು ಬೂದು ಮಾಡಲು ಹೋಗಿ ಮುಖವನ್ನು ಬಿಳುಚಿಸುತ್ತದೆ. ಒಂದು ಸ್ಟಾಪ್ ಇಳಿಸಬೇಕು, ಇಲ್ಲವೇ ಮುಖದ ಮೇಲಷ್ಟೇ ಮೀಟರ್ ಹಿಡಿಯಬೇಕು.

ಕ್ಯಾಮೆರಾ ಎತ್ತುವ ಮೊದಲು ಬಾಯಿ ಬಿಡಬೇಕು. ದುಡಿಯುತ್ತಿರುವವರನ್ನು ಕಂಡರೆ ಅಲ್ಲಿ ಹೇಳುವ ಮಾತು ‘ಖಸ್ತೆ ನಬಾಶೀದ್’, ಅಂದರೆ ನಿಮಗೆ ದಣಿವಾಗದಿರಲಿ. ಅದಾದ ಮೇಲೆ ‘ಅಕ್ಸ್’, ಅಂದರೆ ಚಿತ್ರ, ತೆಗೆಯಲೇ ಎಂದು ಕೇಳುವುದು. ಫಾರ್ಸಿಯಲ್ಲಿ ಕ್ಯಾಮೆರಾಕ್ಕೆ ‘ದೂರ್‌ಬೀನ್’ ಎನ್ನುತ್ತಾರೆ. ನಮ್ಮ ದುರ್ಬೀನು ಬಂದದ್ದೂ ಅಲ್ಲಿಂದಲೇ. ‘ತಾರೂಫ್’ ಎಂಬ ಉಪಚಾರದ ಪದ್ಧತಿಯಿಂದಾಗಿ ಒಪ್ಪಿಗೆ, ನಿರಾಕರಣೆ ಎರಡೂ ಸುತ್ತು ಬಳಸಿ ಬರುತ್ತವೆ. ಆದ್ದರಿಂದ ಮಾತಿಗಿಂತ ಮೈಯನ್ನು ಗಮನಿಸಬೇಕು. ನಗುತ್ತಾ ಎದೆಯ ಮೇಲೆ ಕೈಯಿಟ್ಟು ಮುಖ ಪಕ್ಕಕ್ಕೆ ತಿರುಗಿಸಿದರೆ ಬೇಡವೆಂದೇ ತಿಳಿದು ಮುಂದೆ ನಡೆಯಬೇಕು. ಒಪ್ಪಿದವರ ಮೊದಲ ಚಿತ್ರ ಪಾಸ್‌ಪೋರ್ಟ್ ಫೋಟೊದಂತೆ ಬಿಗಿಯಾಗಿರುತ್ತದೆ. ಅದನ್ನು ತೆಗೆದು ಕ್ಯಾಮೆರಾ ಸ್ವಲ್ಪ ತಗ್ಗಿಸಿದಾಗ ಅವರು ಉಸಿರು ಬಿಡುತ್ತಾರೆ, ಭುಜ ಇಳಿಯುತ್ತದೆ. ಎರಡನೆಯದನ್ನು ಆಗ ತೆಗೆಯಬೇಕು.

ದಿನಕ್ಕೊಂದು ಎಂದು ಹೊರಟವರ ಸರಣಿ ಸಾಮಾನ್ಯವಾಗಿ ಸೊರಗುವುದು ಮುಖಗಳ ಆಯ್ಕೆಯಲ್ಲಿ. ಗಡ್ಡದ ಮುದುಕರು, ಚಹಾದವರು ಸುಲಭವಾಗಿ ಒಪ್ಪುತ್ತಾರೆ. ಮೂರು ವಾರದಲ್ಲಿ ಸರಣಿಯ ತುಂಬ ಅವರೇ. ಬ್ಯಾಂಕ್ ಗುಮಾಸ್ತೆ, ಶಾಲೆ ಮುಗಿಸಿ ಮನೆಗೆ ಹೊರಟ ಹುಡುಗಿಯರು, ಬಜಾರಿನಲ್ಲಿ ತಳ್ಳುಗಾಡಿ ದೂಡುವ ಹಮಾಲರು ಬರಬೇಕಾದರೆ ಹೊತ್ತು ಬದಲಿಸಬೇಕು, ಜಾಗ ಬದಲಿಸಬೇಕು. ಅಲ್ಲಿ ವಾರದ ರಜೆ ಶುಕ್ರವಾರ. ಅಂದು ಬಜಾರು ಮುಚ್ಚಿ, ಉದ್ಯಾನಗಳೂ ಉತ್ತರದ ಬೆಟ್ಟದ ದಾರಿಗಳೂ ತುಂಬುತ್ತವೆ.

ಬೇಸಿಗೆ ಕಳೆಯುವ ಹೊತ್ತಿಗೆ ಈ ಬೀದಿಯಲ್ಲಿ ಹಸಿ ಅಕ್ರೋಟು ಮಾರುವವರು ಕೂರುತ್ತಾರೆ. ಸುಲಿದ ತಿರುಳು ಗಾಜಿನ ಭರಣಿಯ ಉಪ್ಪುನೀರಿನಲ್ಲಿ ಬೆಳ್ಳಗೆ ತೇಲುತ್ತದೆ. ಅದನ್ನು ಸುಲಿದ ಕೈ ಮಾತ್ರ ಬೆರಳ ತುದಿಯಿಂದ ಅಂಗೈವರೆಗೆ ಕಪ್ಪು. ಹಸಿರು ಸಿಪ್ಪೆಯ ರಸ ಗಾಳಿಗೆ ಕಪ್ಪಾಗಿ ಚರ್ಮಕ್ಕೆ ಹಿಡಿಯುತ್ತದೆ, ಸೋಪಿಗೆ ಬಿಡುವುದಿಲ್ಲ, ದಿನಗಟ್ಟಲೆ ಉಳಿಯುತ್ತದೆ. ಆ ಕೈ ಚೌಕಟ್ಟಿನಲ್ಲಿದ್ದರೆ ಚಿತ್ರಕ್ಕೆ ಬೇರೆ ವಿವರಣೆಯೇ ಬೇಡ. ಸಂಗಕ್ ರೊಟ್ಟಿ ಒಯ್ಯುವವರದೂ ಹಾಗೆಯೇ. ಬಿಸಿ ಬೆಣಚುಕಲ್ಲಿನ ಹಾಸಿನ ಮೇಲೆ ಬೆಂದ, ಮೊಳದುದ್ದಕ್ಕೂ ಮೀರಿದ ರೊಟ್ಟಿಯನ್ನು ಹರವಿ, ಅಂಟಿಕೊಂಡ ಕಲ್ಲುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಬೆರಳಿನ ಕೆಲಸವೇ ಅಲ್ಲಿಯ ಕಥೆ. ಪತ್ರಿಕೆಯ ಪುಟದಲ್ಲಿ ಜಾಗ ಸಾಲದೆಂದು ಎರಡು ಕಾಲಂ ಅಗಲಕ್ಕೆ ಮುಖ ಮಾತ್ರ ಉಳಿಸಿ ಕತ್ತರಿಸಿದಾಗ ಹೋಗುವುದು ಇದೇ ಕೈ. ಜಾಗವಿಲ್ಲದಿದ್ದರೆ ದಯವಿಟ್ಟು ಚಿತ್ರವನ್ನು ಪೂರ್ತಿಯಾಗಿ ಚಿಕ್ಕದು ಮಾಡಿ.

ಮುದ್ರಣದ ಬಗ್ಗೆಯೂ ಒಂದು ಮಾತು. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಶಾಯಿ ಹರಡುವುದರಿಂದ ಚಾದರ, ಗಡ್ಡ, ಹಿಂದಿನ ಕತ್ತಲೆ ಎಲ್ಲ ಒಂದೇ ಮಸಿಮುದ್ದೆಯಾಗುತ್ತವೆ. ನಾಲ್ಕು ಬಣ್ಣದ ಶಾಯಿಗಳ ಪ್ರತಿಶತ ಕೂಡಿಸಿದ ಮೊತ್ತವನ್ನು 240ರೊಳಗೆ ಇಟ್ಟು, ನೆರಳಿನ ಭಾಗವನ್ನು ಮೊದಲೇ ಸ್ವಲ್ಪ ತೆಳು ಮಾಡಿದರೆ ಬಟ್ಟೆಯ ಮಡಿಕೆ ಉಳಿಯುತ್ತದೆ.

ಇನ್ನು ಅಪಾಯದ ಮಾತು. ತಲೆಗೆ ಬಟ್ಟೆ ಕಡ್ಡಾಯವೆಂಬ ನಿಯಮ ಪಾಲಿಸಲಿಲ್ಲವೆಂದು ಬಂಧಿತರಾಗಿದ್ದ ಯುವತಿ ಮಹ್ಸಾ ಅಮೀನಿಯವರು 2022ರ ಸೆಪ್ಟೆಂಬರಿನಲ್ಲಿ ಸತ್ತ ನಂತರ ಟೆಹರಾನಿನಲ್ಲಿ ತಲೆಗೆ ಬಟ್ಟೆ ಹಾಕದೆ ಓಡಾಡುವ ಮಹಿಳೆಯರು ಹೆಚ್ಚಾದರು. ಅಂಥವರನ್ನು ಕ್ಯಾಮೆರಾಗಳ ಮೂಲಕ ಗುರುತಿಸುವುದಾಗಿ ಅಲ್ಲಿಯ ಪೊಲೀಸರು 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಅಂದರೆ ಒಂದು ಸುಂದರ ಭಾವಚಿತ್ರವೇ ಸಾಕ್ಷ್ಯವಾಗಬಹುದು. ತೆಗೆಯುವವರೂ ಕ್ಷೇಮವಲ್ಲ: ಇರಾನಿ ಮೂಲದ ಕೆನಡಾದ ಛಾಯಾಗ್ರಾಹಕಿ ಜಹ್ರಾ ಕಾಜೆಮಿ 2003ರಲ್ಲಿ ಟೆಹರಾನಿನ ಎವಿನ್ ಜೈಲಿನ ಹೊರಗೆ ಚಿತ್ರ ತೆಗೆದದ್ದಕ್ಕೆ ಬಂಧಿತರಾಗಿ, ಬಂಧನದಲ್ಲಿರುವಾಗಲೇ ತೀರಿಕೊಂಡರು. ಹೀಗಾಗಿ ಒಪ್ಪಿಗೆಯನ್ನು ಎರಡು ಸಲ ಕೇಳಬೇಕು, ತೆಗೆಯಲು ಒಮ್ಮೆ, ಪ್ರಕಟಿಸಲು ಇನ್ನೊಮ್ಮೆ. ಚಿತ್ರದ ಡಿಜಿಟಲ್ ಕಡತದೊಳಗೆ ಅಡಗಿರುವ ಸ್ಥಳದ ಗುರುತು, ಸಮಯ ಎರಡನ್ನೂ ಅಳಿಸಬೇಕು. ಹಿನ್ನೆಲೆಯಲ್ಲಿ ಠಾಣೆ, ಸರ್ಕಾರಿ ಕಚೇರಿ, ಸೇನೆಯ ಗೋಡೆ ಇರಬಾರದು. ಛಾಯಾಗ್ರಾಹಕರು ಇಷ್ಟೆಲ್ಲ ಕಾಪಾಡಿದ ಚಿತ್ರವನ್ನು ಕೇಳದೆ ತೆಗೆದುಕೊಂಡು, ಕೆಳಗೆ ಊಹೆಯಿಂದ ‘ಬಂಡಾಯದ ಹುಡುಗಿ’ ಎಂದು ಬರೆದರೆ ಆಕೆಯ ಗತಿ ಏನು? ಅಲ್ಲಿ ಇನ್‌ಸ್ಟಾಗ್ರಾಂ 2022ರಲ್ಲೇ ನಿರ್ಬಂಧಕ್ಕೊಳಗಾಗಿದ್ದರೂ ಜನ ವಿಪಿಎನ್ ಹಾಕಿ ನೋಡುತ್ತಾರೆ. ಕನ್ನಡ ಪತ್ರಿಕೆಯ ಪುಟ ಟೆಹರಾನಿಗೆ ಮುಟ್ಟುವುದಿಲ್ಲ ಎಂದುಕೊಳ್ಳುವುದು ಬೇಡ.

ಈ ಚಿತ್ರಗಳು ಎಷ್ಟು ಬೆಲೆಯುಳ್ಳವು ಎಂಬುದಕ್ಕೆ ಆ ನಗರದ್ದೇ ಒಂದು ಹಳೆಯ ಉದಾಹರಣೆಯಿದೆ. ಇರಾನನ್ನು ಆಳಿದ ಕಾಜಾರ್ ದೊರೆಗಳ ಕಾಲದಲ್ಲಿ ಛಾಯಾಗ್ರಾಹಕ ಅಂತ್ವಾನ್ ಸೆವ್ರುಗಿನ್ ಟೆಹರಾನಿನಲ್ಲಿ ಸ್ಟುಡಿಯೊ ಇಟ್ಟುಕೊಂಡು ಅರಮನೆಯ ಜೊತೆಗೆ ಕ್ಷೌರಿಕರು, ಫಕೀರರು, ಬೀದಿ ವ್ಯಾಪಾರಿಗಳ ಚಿತ್ರಗಳನ್ನೂ ತೆಗೆದರು. 1908ರ ರಾಜಕೀಯ ಗಲಭೆಯಲ್ಲಿ ಅವರ ಸುಮಾರು 7,000 ಗಾಜಿನ ನೆಗೆಟಿವ್‌ಗಳಲ್ಲಿ ಹೆಚ್ಚಿನವು ನಾಶವಾದವು. ಅಂದಿನ ಸಾಮಾನ್ಯ ಟೆಹರಾನಿಗರ ಮುಖ ನೋಡಬೇಕೆಂದರೆ ಇಂದಿಗೂ ಉಳಿದ ಆ ಗಾಜುಗಳನ್ನೇ ಹುಡುಕಬೇಕು.

ತಮ್ಮ ಪತ್ರಿಕೆ ವಾರಕ್ಕೊಂದು ಇಂಥ ಚಿತ್ರ ಹಾಕಲಿ ಎಂದು ಕೋರುತ್ತೇನೆ. ಛಾಯಾಗ್ರಾಹಕರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಿರಿ, ಸಂಭಾವನೆ ಕೊಡಿ, ಅವರು ಬರೆದ ಶೀರ್ಷಿಕೆಯನ್ನೇ ಅನುವಾದಿಸಿ. ‘ಇರಾನಿ ವ್ಯಕ್ತಿ’ ಎನ್ನುವ ಬದಲು ‘ಹಸಿ ಅಕ್ರೋಟು ಮಾರುವವರು, ಟೆಹರಾನ್’ ಎಂದು ಬರೆದರೆ ಸಾಕು.

— ಓದುಗ ಛಾಯಾಗ್ರಾಹಕ, ಮೈಸೂರು