ಫುಟ್‌ಬಾಲ್ ಡಿಫೆಂಡರ್‌ಗಳ ತರಬೇತಿ: ಕೋಚ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ಮಕ್ಕಳಿಗೆ ಟ್ಯಾಕಲ್ (ಕಾಲು ಹಾಕಿ ಚೆಂಡು ಕಸಿಯುವುದು) ಬೇಡ. ಮೊದಲು ನಿಲ್ಲುವುದನ್ನು ಕಲಿಸೋಣ.

ಚೆಂಡು ಇರುವವನ ಎದುರು ಮಕ್ಕಳು ಎದೆಯೊಡ್ಡಿ ನೇರವಾಗಿ ನಿಲ್ಲುತ್ತಾರೆ. ಅವನು ಪಕ್ಕದಿಂದ ಆರಾಮಾಗಿ ದಾಟಿ ಹೋಗುತ್ತಾನೆ. ಓರೆಯಾಗಿ ನಿಲ್ಲಿಸಿ. ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿರಲಿ, ಮೈಭಾರ ಹಿಮ್ಮಡಿಗೆ ಬೀಳಬಾರದು. ಕಣ್ಣು ಚೆಂಡಿನ ಮೇಲೆ, ಅವನ ಕಾಲಿನ ಚಮತ್ಕಾರದ ಮೇಲಲ್ಲ. ಸುಮ್ನೆ ಮೇಲೆ ಬೀಳದೆ, ಹಿಂದೆ ಸರಿಯುತ್ತಾ ಅವನನ್ನು ಸೈಡ್‌ಲೈನ್ ಕಡೆಗೆ ತಿರುಗಿಸಬೇಕು.

ನಾಲ್ವರು ಡಿಫೆಂಡರ್‌ಗಳಲ್ಲಿ ಒಬ್ಬ ಚೆಂಡಿನ ಕಡೆ ಹೋದರೆ ಪಕ್ಕದವನು ಕೆಲವು ಹೆಜ್ಜೆ ಹಿಂದೆ, ಓರೆಯಲ್ಲಿ ಕಾವಲಿಗೆ ಇರಬೇಕು. ಉಳಿದಿಬ್ಬರೂ ಆ ಕಡೆಗೇ ಸರಿಯಬೇಕು. ಇದಕ್ಕೆ ನಾಲ್ವರ ಕೈಗೂ ಒಂದೇ ಉದ್ದನೆಯ ಹಗ್ಗ ಕೊಟ್ಟು ನಿಧಾನಕ್ಕೆ ನಡೆಸಿ. ಜೋತುಬಿದ್ದರೆ ತೀರಾ ಹತ್ತಿರ ಬಂದಿದ್ದಾರೆ, ಎಳೆದರೆ ದೂರವಾಗಿದ್ದಾರೆ. ಬಾಯಲ್ಲಿ ಹೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ. ಓಡಿಸುವಾಗ ಹಗ್ಗ ಬೇಡ, ಎಡವುತ್ತಾರೆ.

ಆಫ್‌ಸೈಡ್ ಬಲೆ, ಅಂದರೆ ಪಾಸ್ ಬರುವ ಮುನ್ನ ಡಿಫೆಂಡರ್‌ಗಳ ಸಾಲು ಒಟ್ಟಿಗೆ ಮುಂದೆ ಸರಿದು ಎದುರಾಳಿಯನ್ನು ತಮ್ಮ ಹಿಂದೆ, ಆಫ್‌ಸೈಡ್‌ನಲ್ಲಿ ಬಿಡುವುದು, ಈಗಲೇ ಬೇಡ. ನಮ್ಮವರಲ್ಲಿ ಒಬ್ಬ ಹಿಂದೆ ಉಳಿದರೆ ಮುಗೀತು. ನಿಯಮ ಮಾತ್ರ ಹೇಳಿಕೊಡಿ: ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ದೊಡ್ಡವರೂ ಇದನ್ನು ಮರೆತು ಕೈ ಎತ್ತಿ ನಿಲ್ಲುತ್ತಾರೆ, ಅಲ್ವಾ?

ಗೋಲ್‌ಕೀಪರ್‌ಗಳನ್ನೂ ಇದೇ ಅಭ್ಯಾಸಕ್ಕೆ ಸೇರಿಸಿ. ಸಾಲು ಮುಂದೆ ಬರಬೇಕಾ, ಹಿಂದೆ ಹೋಗಬೇಕಾ ಎಂದು ಕೂಗಿ ಹೇಳುವ ಕೆಲಸ ಅವರದು.