ಹಳೇ ನಾಣ್ಯ ಮಾರೋರು ಸ್ವಲ್ಪ ನೋಡಿ

ಎಲ್ಲರಿಗೂ ನಮಸ್ಕಾರ. ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ 10 ಲಕ್ಷ ಕೊಡ್ತಾರೆ ಅನ್ನೋ ಮೆಸೇಜ್ ಗುಂಪಿಗೆ ಮತ್ತೆ ಬಂದಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅದು 2012ರ ಇಸವಿ ಇರುವ, ಚಲಾವಣೆಗೇ ಬಂದ ನಾಣ್ಯ, ಅಪರೂಪದ್ದೇನಲ್ಲ. ಮೊದಲು ‘ನೋಂದಣಿ ಫೀ’, ಆಮೇಲೆ ‘ತೆರಿಗೆ’ ಅಂತ ದುಡ್ಡು ಕೇಳಿದರೆ ಮೋಸ ಅಂತಲೇ ತಿಳಿಯಿರಿ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡೋದಿಲ್ಲ, ಕಮಿಷನ್ ಕೇಳೋದಿಲ್ಲ. 2021ರಲ್ಲಿ ಅವರೇ ಇದನ್ನು ಹೇಳಿದ್ದಾರೆ.

ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಸಿಕ್ಕಿದರೆ ಮಾತು ಬೇರೆ. ಅಸಲಿಯಾದರೆ ತೂಕ ಸುಮಾರು 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 91.7. ಸವೆದಿದ್ದರೆ ಕೂದಲೆಳೆಯಷ್ಟು ಕಡಿಮೆ ಬರಬಹುದು. ಅಯಸ್ಕಾಂತಕ್ಕೆ ಅಂಟಿಕೊಂಡರೆ ನಕಲಿ. ಬೆಳ್ಳಿಯ ಬೆಲೆಯಂತೂ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಸಿಗೋದು ಇಸವಿ, ಟಂಕಸಾಲೆಯ ಗುರುತು ಮತ್ತು ಸವೆತ ನೋಡಿ. ಆರನೇ ಜಾರ್ಜ್‌ನ 1939ರ ರೂಪಾಯಿ ತುಂಬಾ ಅಪರೂಪ, ಹಾಗಾಗಿ ನಕಲೂ ಹೆಚ್ಚು.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮಾರಾಯ್ರೆ! ನಾನು ಒಂದನ್ನು ಹಾಗೆ ಫಳಫಳ ಮಾಡಿ ತಗೊಂಡು ಹೋಗಿದ್ದೆ. ಅಂಗಡಿಯವರು ಭೂತಗನ್ನಡಿಯಲ್ಲಿ ಗೀರು ತೋರಿಸಿ ಬರೀ ಬೆಳ್ಳಿಯ ದರ ಹೇಳಿದರು. ಕಪ್ಪಾಗಿದ್ದರೆ ಇರಲಿ ಬಿಡಿ.

ಮಾರುವ ಮೊದಲು ಇಬ್ಬರು ಮೂವರು ವ್ಯಾಪಾರಿಗಳ ಹತ್ತಿರ ವಿಚಾರಿಸಿ. ಅನುಮಾನ ಇದ್ದರೆ ಎರಡೂ ಬದಿಯ ಫೋಟೊ ಇಲ್ಲೇ ಹಾಕಿ, ನೋಡೋಣ.