ಜಾಹೀರಾತಿನಲ್ಲಿ ಕೆಲಸವೇನೆಂದು ಬರೆಯಲಿ

ಮಾನ್ಯ ಸಂಪಾದಕರೇ,

ಪದವಿಯ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ನಮ್ಮ ಓಣಿಯ ಹುಡುಗಿಯರು ಸಂಜೆ ಹೊತ್ತು ಮೊಬೈಲ್ ಹಿಡಿದು ನಮ್ಮ ಮನೆಗೆ ಬರತೊಡಗುತ್ತಾರೆ. ತೋರಿಸುವುದು ಉದ್ಯೋಗ ಜಾಲತಾಣದ ಒಂದಿಲ್ಲೊಂದು ಜಾಹೀರಾತನ್ನು, ಕೇಳುವುದು ಒಂದೇ ಪ್ರಶ್ನೆಯನ್ನು: "ಅಕ್ಕಾ, ಇದಕ್ಕ ಅರ್ಜಿ ಹಾಕ್ಲೇನು?" ನಾನು ಗುಳೇದಗುಡ್ಡದಲ್ಲಿದ್ದುಕೊಂಡೇ ಬೆಂಗಳೂರಿನ ಒಂದು ಸಂಸ್ಥೆಗೆ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಮಾಡುತ್ತೇನೆಂಬುದೂ, ಆ ಕೆಲಸ ಇಂಥದೇ ಜಾಲತಾಣವೊಂದರ ಮೂಲಕ ಸಿಕ್ಕಿತೆಂಬುದೂ ಅವರಿಗೆ ಗೊತ್ತು. ಆದರೆ ಅವರಿಗೆ ಹೌದೆಂದೋ ಬೇಡವೆಂದೋ ಹೇಳುವುದು ನನಗೆ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಅವರು ತೋರಿಸುವ ಬಹುಪಾಲು ಜಾಹೀರಾತುಗಳಲ್ಲಿ ಕೆಲಸವೇನು, ಎಲ್ಲಿ ಮಾಡಬೇಕು, ಸಂಬಳವೆಷ್ಟು ಎಂಬ ಮೂರರಲ್ಲಿ ಒಂದಾದರೂ ಬರೆದಿರುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನನಗಾದದ್ದನ್ನು ಮೊದಲು ಹೇಳುತ್ತೇನೆ. ಬಿ.ಕಾಂ. ಮುಗಿಸಿ, ನೌಕ್ರಿ, ಲಿಂಕ್ಡ್‌ಇನ್, ಇಂಡೀಡ್ ಎಂಬ ಮೂರೂ ಉದ್ಯೋಗ ಜಾಲತಾಣಗಳಲ್ಲಿ ಹೆಸರು ನೋಂದಾಯಿಸಿ, "ಡಿಜಿಟಲ್ ಮಾರ್ಕೆಟಿಂಗ್" ಎಂದು ಹುಡುಕಿ ಕಂಡದ್ದಕ್ಕೆಲ್ಲ ಅರ್ಜಿ ಹಾಕುತ್ತಿದ್ದ ದಿನಗಳವು. ಎರಡು ತಿಂಗಳಾದ ಮೇಲೆ "ಡಿಜಿಟಲ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್" ಹುದ್ದೆಗೆ ಹುಬ್ಬಳ್ಳಿಯ ಕಚೇರಿಯೊಂದರಿಂದ ಸಂದರ್ಶನದ ಕರೆ ಬಂತು. ಅಪ್ಪ ಅಂದಿನ ಮಗ್ಗ ಬಿಟ್ಟು ನನ್ನ ಜೊತೆ ಬಂದರು. ನಸುಕಿನ ಬಸ್ಸು ಹತ್ತಿ, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ ದಾಟಿ ಹತ್ತು ಗಂಟೆಗೆ ಅಲ್ಲಿ ಕೂತೆವು. ಸಂದರ್ಶನ ಮಾಡಿದವರು ನನ್ನ ಫೈಲನ್ನು ತೆರೆಯಲೇ ಇಲ್ಲ. "ಸ್ವಂತ ಗಾಡಿ ಐತೇನ್ರಿ?" ಎಂಬುದು ಅವರ ಮೊದಲ ಪ್ರಶ್ನೆ. ಕೆಲಸವೆಂದರೆ ಅಂಗಡಿ ಅಂಗಡಿಗೆ ಹೋಗಿ ಸಾಲದ ಕಾರ್ಡು ಮಾರುವುದು. ಮೊದಲ ಮೂರು ತಿಂಗಳು ಸಂಬಳವಿಲ್ಲ, ಮಾರಿದ್ದಕ್ಕೆ ಕಮಿಷನ್ ಮಾತ್ರ. ವಾಪಸು ಬರುವಾಗ ನರಗುಂದದಲ್ಲಿ ಬಸ್ಸು ನಿಂತಿತು. ಅಪ್ಪ ಎರಡು ಚಹಾ ತಂದು ಒಂದನ್ನು ನನ್ನ ಕೈಗಿತ್ತು, "ಮತ್ತ ಅದರಾಗ ಹಂಗ ಬರದಿದ್ರಲ್ಲ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ರಾತ್ರಿ ಮನೆಯಲ್ಲಿ ಆ ಜಾಹೀರಾತನ್ನು ಮತ್ತೆ ತೆರೆದು ಕೊನೆಯ ಸಾಲಿನವರೆಗೂ ಓದಿದೆ. "ಗುರಿ ಆಧಾರಿತ ಪ್ರೋತ್ಸಾಹಧನ", "ದ್ವಿಚಕ್ರ ವಾಹನವಿದ್ದವರಿಗೆ ಆದ್ಯತೆ", "ಗ್ರಾಹಕರ ಭೇಟಿ" ಎಂಬ ಮಾತುಗಳು ಕೆಳಗಡೆ ಇದ್ದವು. ನಾನು ಮೇಲಿನ ಹೆಸರನ್ನಷ್ಟೇ ಓದಿದ್ದೆ. ನನ್ನ ತಪ್ಪು ಇಲ್ಲವೆಂದು ಹೇಳುವುದಿಲ್ಲ. ಆದರೆ ಅಂಗಡಿ ಅಂಗಡಿಗೆ ಹೋಗಿ ಮಾರುವ ಕೆಲಸಕ್ಕೆ ಡಿಜಿಟಲ್ ಮಾರ್ಕೆಟಿಂಗ್ ಎಂಬ ಹೆಸರು ಹಚ್ಚಿ, ನೂರಾರು ಕಿಲೋಮೀಟರ್ ದೂರದಿಂದ ಮಕ್ಕಳನ್ನು ಅವರದೇ ಬಸ್ ಚಾರ್ಜಿನಲ್ಲಿ ಕರೆಸಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಮಾರಾಟದ ಕೆಲಸ ಕೀಳಲ್ಲ. ಅದನ್ನು ಮಾರಾಟದ ಕೆಲಸವೆಂದೇ ಕರೆದರೆ ಅದು ಬೇಕಾದವರು ಬರುತ್ತಾರೆ.

ಡಿಜಿಟಲ್ ಮಾರ್ಕೆಟಿಂಗ್ ಎಂಬುದು ಒಂದೇ ಕೆಲಸವೂ ಅಲ್ಲ. ಗೂಗಲ್‌ನಲ್ಲಿ ಹುಡುಕಿದವರಿಗೆ ಹಣ ಕೊಡದೆಯೇ ನಮ್ಮ ಪುಟ ಮೇಲೆ ಕಾಣುವಂತೆ ಪುಟದ ಬರಹ, ಶೀರ್ಷಿಕೆ, ಕೊಂಡಿಗಳನ್ನು ತಿದ್ದುವುದು ಎಸ್‌ಇಒ. ಹಣ ಕೊಟ್ಟು ಜಾಹೀರಾತು ಹಾಕಿ, ಒಂದೊಂದು ಕ್ಲಿಕ್ಕಿಗೆ ಎಷ್ಟು ಖರ್ಚಾಯಿತು, ಕ್ಲಿಕ್ ಮಾಡಿದವರಲ್ಲಿ ಎಷ್ಟು ಜನ ಕೊಂಡರು ಎಂದು ದಿನವೂ ಲೆಕ್ಕ ನೋಡುವುದು ಬೇರೆಯೇ ಕೆಲಸ. ಅದಕ್ಕೆ ಅಂಕಿಯ ಮೇಲೆ ಹಿಡಿತ ಬೇಕು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳನ್ನು ನಡೆಸುವುದು, ಬರಹ ಬರೆಯುವುದು, ಇಮೇಲ್ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳನ್ನು ರೂಪಿಸುವುದು, ಪುಟಕ್ಕೆ ಬಂದವರ ಲೆಕ್ಕವಿಡುವ ಅನಲಿಟಿಕ್ಸ್ ಎಂಬ ಸಾಧನದಲ್ಲಿ ಅವರ ನಡೆಯನ್ನು ಓದುವುದು, ಇವೂ ಪ್ರತ್ಯೇಕ ಕೆಲಸಗಳೇ. ಒಬ್ಬರೇ ಇದೆಲ್ಲವನ್ನೂ ಮಾಡಬೇಕು, ಜೊತೆಗೆ ವಿಡಿಯೊ ಎಡಿಟಿಂಗ್ ಮತ್ತು ವೆಬ್‌ಸೈಟ್ ವಿನ್ಯಾಸವೂ ಬರಬೇಕು, ಅನುಭವ ಬೇಡ ಎಂದು ಬರೆದ ಜಾಹೀರಾತು ಕಂಡರೆ, ಬರೆದವರಿಗೇ ತಮಗೆ ಯಾರು ಬೇಕೆಂಬುದು ಗೊತ್ತಿಲ್ಲವೆಂದು ತಿಳಿಯಬೇಕು. ಹುಡುಗಿಯರಿಗೆ ನಾನು ಇನ್ನೊಂದು ಗುರುತನ್ನೂ ಹೇಳಿಕೊಡುತ್ತೇನೆ. ಹಣ ಕೊಟ್ಟು ಜಾಹೀರಾತು ಹಾಕುವ ಸೇವೆಗಿದ್ದ ಗೂಗಲ್ ಆಡ್‌ವರ್ಡ್ಸ್ ಎಂಬ ಹೆಸರು 2018ರಲ್ಲೇ ಗೂಗಲ್ ಆ್ಯಡ್ಸ್ ಎಂದಾಯಿತು. ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈನಲ್ಲಿ ನಿಂತು, ಅದರ ಜಾಗಕ್ಕೆ ಗೂಗಲ್ ಅನಲಿಟಿಕ್ಸ್ 4 ಬಂದಿತು. ಇಂದಿಗೂ ಆ ಹಳೆಯ ಹೆಸರುಗಳನ್ನೇ ಕೇಳುವ ಜಾಹೀರಾತನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಿರುವ ಸಾಧ್ಯತೆಯೇ ಹೆಚ್ಚು.

ಜಾಲತಾಣಗಳು ಹೇಗೆ ನಡೆಯುತ್ತವೆ ಎಂಬುದನ್ನು ನಾನು ತಡವಾಗಿ ಕಲಿತೆ. ಅಲ್ಲಿ ದೊಡ್ಡ ಮಟ್ಟದ ಹಣ ಬರುವುದು ಉದ್ಯೋಗ ಕೊಡುವವರಿಂದ. ಜಾಹೀರಾತು ಹಾಕಲು, ಅಭ್ಯರ್ಥಿಗಳ ವಿವರಗಳ ಸಂಗ್ರಹದಲ್ಲಿ ಹುಡುಕಲು ಕಂಪನಿಗಳು ದುಡ್ಡು ಕಟ್ಟುತ್ತವೆ. ಅಂದರೆ ನಾವು ಕೆಲಸ ಹುಡುಕುತ್ತಿರುವಾಗಲೇ ಅವರೂ ನಮ್ಮನ್ನು ಹುಡುಕುತ್ತಿರುತ್ತಾರೆ, ಹುಡುಕುವುದು ಪದಗಳಿಂದ. ನನ್ನ ಪ್ರೊಫೈಲಿನ ತಲೆಬರಹದಲ್ಲಿ "ಪರಿಶ್ರಮಿ, ಕಲಿಯುವ ಹಂಬಲವುಳ್ಳ ಪದವೀಧರೆ" ಎಂದಿತ್ತು. ಹಾಗೆಂದು ಯಾವ ಕಂಪನಿಯೂ ಹುಡುಕುವುದಿಲ್ಲ. ಅದನ್ನು ತೆಗೆದು, "ಕನ್ನಡ ಕಂಟೆಂಟ್ ರೈಟರ್, ಎಸ್‌ಇಒ, ಗೂಗಲ್ ಬಿಸಿನೆಸ್ ಪ್ರೊಫೈಲ್" (ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಅಂಗಡಿಯ ವಿವರ ಕಾಣುವ ಪುಟ) ಎಂದು ಬರೆದ ಮೇಲೆ ಕರೆಗಳ ಬಣ್ಣವೇ ಬದಲಾಯಿತು. ಒಂದೇ ಬಾರಿ ಗುಂಡಿ ಒತ್ತಿ ದಿನಕ್ಕೆ ಐವತ್ತು ಅರ್ಜಿ ಹಾಕುವ ರೂಢಿಯನ್ನೂ ಬಿಟ್ಟೆ. ಪ್ರಕಟವಾಗಿ ಮೂರು ದಿನದೊಳಗಿನವನ್ನು ಮಾತ್ರ ಸೋಸಿ, ದಿನಕ್ಕೆ ನಾಲ್ಕೈದನ್ನು ಪೂರ್ತಿ ಓದಿ, ಆ ಕೆಲಸಕ್ಕೆ ತಕ್ಕಂತೆ ನಾಲ್ಕು ಸಾಲು ಬರೆದು ಕಳಿಸತೊಡಗಿದೆ.

ಅದಕ್ಕಿಂತ ದೊಡ್ಡ ತಿರುವು ಊರಿನ ಹೆಸರನ್ನು ಬಿಟ್ಟಾಗ ಬಂತು. ಬಾಗಲಕೋಟೆ, ವಿಜಯಪುರ ಎಂದು ಸ್ಥಳ ಆರಿಸಿ ಹುಡುಕಿದರೆ ಈ ಕ್ಷೇತ್ರದ ಹುದ್ದೆಗಳು ಬೆರಳೆಣಿಕೆಯಷ್ಟೂ ಬರುತ್ತಿರಲಿಲ್ಲ. ಬೆಳಗಾವಿಯೆಂದರೆ ಸ್ವಲ್ಪ ಹೆಚ್ಚು. ಸ್ಥಳದ ಬದಲು "ಕನ್ನಡ" ಎಂದು ಹುಡುಕಿ, ಮನೆಯಿಂದಲೇ ಮಾಡುವ ಕೆಲಸಗಳನ್ನು ಸೋಸಿದಾಗ, ಕನ್ನಡದಲ್ಲಿ ಜಾಹೀರಾತು ಬರೆಯುವವರು, ಕನ್ನಡ ಪುಟಗಳನ್ನು ನೋಡಿಕೊಳ್ಳುವವರು, ಕನ್ನಡದ ಹುಡುಕಾಟದ ಪದಗಳನ್ನು ಪಟ್ಟಿ ಮಾಡುವವರು ಬೇಕೆಂಬ ಜಾಹೀರಾತುಗಳು ಕಂಡವು. ಇಂಗ್ಲಿಷಿನಲ್ಲಿ ನನಗಿಂತ ಚುರುಕಾದ ಸಾವಿರಾರು ಜನರ ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟು, ನನಗೆ ಹುಟ್ಟಿನಿಂದ ಬಂದ ಭಾಷೆಯ ಸಾಲಿನಲ್ಲಿ ನಿಂತೆ.

ಈಗ ಕೆಲಸ ಮಾಡುತ್ತಿರುವ ಸಂಸ್ಥೆಯ ಸಂದರ್ಶನ ವಿಡಿಯೊ ಕರೆಯಲ್ಲಿ ನಡೆಯಿತು. ಸೀರೆ ಮಾರುವ ಪುಟವೊಂದಕ್ಕೆ ಹುಡುಕಾಟದ ಪದಗಳನ್ನು ಕೊಡಿ ಎಂದರು. ನಾನು ಇಳಕಲ್, ಇಲಕಲ್, ಇಳಕಲ್ಲ ಎಂದು ಜನ ಬರೆಯುವ ಬಗೆಗಳನ್ನೆಲ್ಲ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸದೆ, ಇಳಕಲ್ ಸೀರೆ ಬೇಕಾದ ನಮ್ಮ ಕಡೆಯ ಹೆಣ್ಣುಮಕ್ಕಳು "ತೋಪು ಸೆರಗು" ಎಂದು ಹುಡುಕುತ್ತಾರೆ, ಚಿಕ್ಕಿ ದಡಿ, ಗೋಮಿ ದಡಿ ಎಂದು ದಡಿಯ, ಅಂದರೆ ಅಂಚಿನ, ಹೆಸರಿನಿಂದ ಹುಡುಕುತ್ತಾರೆ, ಸೀರೆಯ ಜೊತೆಗೇ ಗುಳೇದಗುಡ್ಡ ಖಣ ಎಂಬ ರವಿಕೆ ಬಟ್ಟೆ ಹುಡುಕುತ್ತಾರೆ ಎಂದೆ. ಸೆರಗಿನ ಹಾಸನ್ನು (ಮಗ್ಗದ ಉದ್ದ ನೂಲುಗಳನ್ನು) ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಆ ಸೀರೆಯ ವಿವರಣೆ ಬರೆಯಲು ಯಾವ ಕೋರ್ಸೂ ಬೇಕಿರಲಿಲ್ಲ. ಆ ಸಂಸ್ಥೆಯವರು ಪ್ರಮಾಣಪತ್ರ ಕೇಳಲಿಲ್ಲ, ಮಾಡಿದ ಕೆಲಸ ತೋರಿಸಿ ಎಂದರು. ನಮ್ಮೂರಿನ ಖಣದ ಅಂಗಡಿಯೊಂದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಟ್ಟಿದ್ದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಅಂಗಡಿಯ ಬಾಗಿಲು ತೆರೆಯುವ ಸಮಯ, ಹಗಲ ಬೆಳಕಿನಲ್ಲಿ ತೆಗೆದ ಖಣಗಳ ಚಿತ್ರ, ದಾರಿ ಕೇಳಿದವರ ಮಾಸಿಕ ಲೆಕ್ಕ, ಇಷ್ಟನ್ನೇ ತೋರಿಸಿದೆ. ಗೂಗಲ್‌ನ ಕಲಿಕಾ ತಾಣವಾದ ಸ್ಕಿಲ್‌ಶಾಪ್‌ನಲ್ಲಿ ಜಾಹೀರಾತಿನ ಪಾಠಗಳೂ ಪರೀಕ್ಷೆಯೂ ಉಚಿತವಾಗಿವೆ; ಸಾವಿರಾರು ರೂಪಾಯಿ ಕೊಟ್ಟು ಯಾವುದೋ ಕೋರ್ಸು ಸೇರುವ ಮೊದಲು ನಮ್ಮ ಮಕ್ಕಳು ಅವನ್ನು ಮುಗಿಸಲಿ.

ಹಣದ ಮಾತು ಬಂದಿತೆಂದು ಒಂದು ಎಚ್ಚರಿಕೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗಿಗೆ, ಜಾಲತಾಣದಲ್ಲಿ ಆಕೆಯ ವಿವರ ನೋಡಿದೆವೆಂದು ಕರೆ ಬಂತು. ಸಂದರ್ಶನವಿಲ್ಲದೆ ನೇಮಕಾತಿ ಪತ್ರ, ಲ್ಯಾಪ್‌ಟಾಪ್ ಕಳಿಸಲು 3,500 ರೂಪಾಯಿ ಠೇವಣಿ. ಯುವನಿಧಿಯಲ್ಲಿ ಪದವೀಧರರಿಗೆ ಸರ್ಕಾರ ತಿಂಗಳಿಗೆ ಕೊಡುವುದೇ 3,000 ರೂಪಾಯಿ, ಅದೂ ಎರಡು ವರ್ಷದ ಮಿತಿಗೆ; ಆಕೆ ಅದನ್ನೇ ಕೂಡಿಟ್ಟು ಕಟ್ಟಲು ಹೊರಟಿದ್ದಳು. ನೇಮಕಾತಿ ಪತ್ರದಲ್ಲಿ ಕಂಪನಿಯ ವಿಳಾಸವಿರಲಿಲ್ಲ, ಕಳಿಸಿದ ಇಮೇಲ್ ಸಾಮಾನ್ಯ ಜಿಮೇಲ್ ಖಾತೆಯದಾಗಿತ್ತು. ಆಕೆ ಕಟ್ಟಲಿಲ್ಲ. ಟೆಲಿಗ್ರಾಂ ಗುಂಪಿಗೆ ಸೇರಿಸಿ, ವಿಡಿಯೊಗಳಿಗೆ ಲೈಕ್ ಒತ್ತಿದರೆ ದುಡ್ಡು ಎಂದು ಮೊದಲು ನೂರಿನ್ನೂರು ಕೊಟ್ಟು, ಬಳಿಕ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವವರೂ ತಮ್ಮ ಕೆಲಸಕ್ಕೆ ಡಿಜಿಟಲ್ ಮಾರ್ಕೆಟಿಂಗ್ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಕೆಲಸ ಕೊಡುವವರು ಕೆಲಸ ಬೇಡುವವರಿಂದ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಹಣ ಹೋಗಿದ್ದರೆ ನಾಚಿಕೊಂಡು ಕೂಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. ಕೇಂದ್ರ ಕಾರ್ಮಿಕ ಸಚಿವಾಲಯ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ನೋಂದಣಿ ಸಂಪೂರ್ಣ ಉಚಿತವೆಂಬುದನ್ನೂ ಇಲ್ಲಿ ಹೇಳಬೇಕು; ನಾನು ಕೇಳಿದ ಹತ್ತು ಹುಡುಗಿಯರಲ್ಲಿ ಅದರ ಹೆಸರು ಗೊತ್ತಿದ್ದವಳು ಒಬ್ಬಳೇ.

ಇಷ್ಟೆಲ್ಲ ಬರೆದ ಮೇಲೆ ನನ್ನ ವಿನಂತಿ ಇರುವುದು ಮುಖ್ಯವಾಗಿ ನಮ್ಮ ಭಾಗದ ವ್ಯಾಪಾರಿಗಳಲ್ಲಿ. ಇಳಕಲ್ಲಿನ ಸೀರೆ ಅಂಗಡಿಗಳು, ಅಮೀನಗಡ ಮತ್ತು ಗೋಕಾಕಿನ ಕರದಂಟು, ಬೆಳಗಾವಿಯ ಕುಂದಾ, ವಿಜಯಪುರದ ಒಣದ್ರಾಕ್ಷಿ, 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿಯ ಲಿಂಬೆ, ಇವನ್ನೆಲ್ಲ ದೂರದ ಊರಿಗೆ ಮಾರಲು ಜನ ಬೇಕು. ಆ ಜನರನ್ನು ಈಗ ಅಳಿಯನ ಗೆಳೆಯ, ಸೋದರಮಾವನ ಮಗ ಎಂದು ಬಾಯಿಮಾತಿನಲ್ಲೇ ಹುಡುಕುತ್ತಾರೆ. ಸಿಗದಿದ್ದರೆ ಪುಣೆ, ಬೆಂಗಳೂರಿನ ಏಜೆನ್ಸಿಗೆ ಕೊಡುತ್ತಾರೆ. ಒಂದು ಜಾಹೀರಾತು ಜಾಲತಾಣದಲ್ಲಿ ಬಿದ್ದರೆ, "ಬಾಗಲಕೋಟೆ" ಎಂದು ಹುಡುಕಿದ ಹುಡುಗಿಗೆ ಖಾಲಿ ಪುಟ ಕಾಣುವುದು ತಪ್ಪುತ್ತದೆ. ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗದವರೂ ವರ್ಷಕ್ಕೊಂದು ಮಧ್ಯಾಹ್ನವನ್ನಾದರೂ ಜಾಹೀರಾತು ಓದುವುದನ್ನು ಕಲಿಸಲು ಮೀಸಲಿಡಲಿ. ತಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಈ ಮೂರು ಜಿಲ್ಲೆಗಳ ಇಂಥ ಹುದ್ದೆಗಳಿಗೂ ಜಾಗ ಸಿಗಲಿ, ಆದರೆ ಕೆಲಸ, ಸ್ಥಳ, ಸಂಬಳ ಮೂರನ್ನೂ ಬರೆದವುಗಳಿಗೆ ಮಾತ್ರ.

ನಾನು ಮೇಲೆ ಹೇಳಿದ ಖಣದ ಅಂಗಡಿಯ ಯಜಮಾನರಿಗೆ ಕಳೆದ ತಿಂಗಳು ಒಬ್ಬರು ಬೇಕಾಗಿದ್ದರು. ಜಾಹೀರಾತನ್ನು ನಾನೇ ಬರೆದುಕೊಟ್ಟೆ: ಇನ್‌ಸ್ಟಾಗ್ರಾಂ ಪುಟಕ್ಕೆ ವಾರಕ್ಕೆ ಐದು ಚಿತ್ರ ಮತ್ತು ಕನ್ನಡ ಬರಹ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಬೇಡಿಕೆಗಳ ಲೆಕ್ಕ, ಸ್ಥಳ ಗುಳೇದಗುಡ್ಡ, ಸಮಯ ಬೆಳಿಗ್ಗೆ ಹತ್ತರಿಂದ ಐದು, ಸಂಬಳ 14,000 ರೂಪಾಯಿ. ಸಂಬಳದ ಸಾಲನ್ನು ಓದಿ ಅವರು ಬಹಳ ಹೊತ್ತು ಸುಮ್ಮನಿದ್ದರು. "ಇದನ್ನ ಆಮ್ಯಾಲ ಮಾತಾಡಿದ್ರ ಆಗೂದಿಲ್ಲೇನು?" ಎಂದರು. ಆಗುವುದಿಲ್ಲವೆಂದೆ, ನರಗುಂದದ ಚಹಾದ ಸಂಗತಿ ಹೇಳಿದೆ. ಸಾಲು ಹಾಗೇ ಉಳಿಯಿತು. ಒಂದು ವಾರದಲ್ಲಿ ಹನ್ನೊಂದು ಅರ್ಜಿ ಬಂದವು, ಅವುಗಳಲ್ಲಿ ನಾಲ್ಕು ನಮ್ಮ ತಾಲ್ಲೂಕಿನವೇ. ಬೇರೆ ವ್ಯಾಪಾರಿಗಳಿಗೂ ಹೀಗೆ ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನೇಕಾರರ ಮನೆಯ ಓದುಗಿಯೊಬ್ಬಳು
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ